ಎಲ್ಲಿಗೆ ಹೋಗಲಿ, ಏನು ಹೇಳಲಿ?

2025ರ ಮೇ ತಿಂಗಳಲ್ಲಿ ಕೊನಾಮಿ ಕಂಪನಿ ತನ್ನ ಹಳೇ ಆಟವೊಂದಕ್ಕೆ ಹೊಸ ಬಣ್ಣ ಹಚ್ಚಿ ಜಪಾನಿನಲ್ಲಿ ನಿಂಟೆಂಡೊ ಸ್ವಿಚ್‌ಗೆ ತಂದಿತು. ಆಟದ ಹೆಸರು ‘ತೊಕಿಮೆಕಿ ಮೆಮೋರಿಯಲ್’. ಮೊದಲ ಸಲ ಬಂದದ್ದು 1994ರಲ್ಲಿ. ಇದರಲ್ಲಿ ನೀವು ಹೈಸ್ಕೂಲು ಹುಡುಗ, ನಮ್ಮ ಲೆಕ್ಕದಲ್ಲಿ ಪಿಯುಸಿ ವಯಸ್ಸು. ಮೂರು ವರ್ಷ ಓದಬೇಕು, ಆಟ ಆಡಬೇಕು, ಮೈ ಕೈ ನೋಡಿಕೊಳ್ಳಬೇಕು, ರಜೆಯ ದಿನ ಯಾರನ್ನಾದರೂ ಸುತ್ತಾಡಲು ಕರೆಯಬೇಕು. ಓದು ಮುಗಿದು ಶಾಲೆ ಬಿಡುವ ದಿನ, ಅಂಗಳದ ಮೂಲೆಯ ಹಳೇ ಮರದ ಕೆಳಗೆ ಒಬ್ಬಳು ಬಂದು ಮನಸ್ಸಿನ ಮಾತು ಹೇಳಿದರೆ ನೀವು ಗೆದ್ದಿರಿ.

ಮರುತಿಂಗಳೇ, ಜೂನ್‌ನಲ್ಲಿ, ಇಂಗ್ಲಿಷಿನಲ್ಲಿ ‘ಡೇಟ್ ಎವ್ರಿಥಿಂಗ್’ ಬಂತು. ಇದರಲ್ಲಿ ನಿಮಗೊಂದು ಮಾಯದ ಕನ್ನಡಕ ಸಿಗುತ್ತದೆ. ಅದನ್ನು ಹಾಕಿಕೊಂಡರೆ ಮನೆಯ ಸಾಮಾನುಗಳೆಲ್ಲ ಮನುಷ್ಯರಾಗಿ ಎದುರು ನಿಲ್ಲುತ್ತವೆ. ಬಾಗಿಲು, ಹಾಸಿಗೆ, ಬಟ್ಟೆ ಒಗೆಯೋ ಮಷೀನು, ಹೀಗೆ ನೂರು ಮಂದಿ. ಯಾರ ಜೊತೆಗೆ ಬೇಕಾದರೂ ಪ್ರೀತಿ ಮಾಡಬಹುದು, ಗೆಳೆತನ ಬೆಳೆಸಬಹುದು, ಇಲ್ಲಾ ಜಗಳ ಆಡಿ ಮುಖ ತಿರುಗಿಸಿಕೊಳ್ಳಬಹುದು.

ಎರಡೂ ಪ್ರೀತಿಯ ಆಟಗಳೇ. ಆದರೆ ಮೊದಲನೆಯದರಲ್ಲಿ ಮೂರು ವರ್ಷ ಕಷ್ಟಪಟ್ಟರೂ ‘ನೀನಂದ್ರೆ ನನಗಿಷ್ಟ’ ಅಂತ ನೀವಾಗಿ ಹೇಳುವ ಬಟನ್ ಸಿಗುವುದಿಲ್ಲ. ಎರಡನೆಯದರಲ್ಲಿ ಮನೆಯ ಬಾಗಿಲಿಗೂ ಹೇಳಬಹುದು.

ಈ ಬಗೆಯ ಆಟಗಳನ್ನು ವಿಷುಯಲ್ ನಾವೆಲ್ ಅಂತ ಕರೆಯುತ್ತಾರೆ. ಆಡದವರಿಗೆ ಎರಡೇ ಮಾತಲ್ಲಿ ಹೇಳುವುದಾದರೆ, ಹಿಂದೆ ಒಂದು ಜಾಗದ ಚಿತ್ರ, ಅದರ ಮುಂದೆ ನಿಂತ ಪಾತ್ರ, ಕೆಳಗಿನ ಪೆಟ್ಟಿಗೆಯಲ್ಲಿ ಮಾತು. ಒತ್ತಿದ ಹಾಗೆ ಮುಂದಿನ ಸಾಲು ಬರುತ್ತದೆ. ಆಗಾಗ ಎರಡು ಮೂರು ಆಯ್ಕೆ ಎದುರಾಗುತ್ತವೆ, ಆರಿಸಿದ ಹಾಗೆ ಕಥೆಯ ದಾರಿ ಕವಲಾಗುತ್ತದೆ. ತೊಕಿಮೆಕಿಯಲ್ಲಿ ಲೆಕ್ಕಾಚಾರ ಜಾಸ್ತಿ, ಹಾಗಾಗಿ ಅದನ್ನು ಡೇಟಿಂಗ್ ಸಿಮ್ (ಸಿಮ್ಯುಲೇಷನ್) ಅನ್ನಬೇಕು ಎನ್ನುವವರೂ ಇದ್ದಾರೆ. ಆ ಜಗಳಕ್ಕೆ ನಾನು ಇಳಿಯುವುದಿಲ್ಲ.

ಜಪಾನಿನ ಆಟಕ್ಕೂ ಪಶ್ಚಿಮದ ಆಟಕ್ಕೂ ಇರುವ ವ್ಯತ್ಯಾಸ ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ ಒಂದೇ. ಜಪಾನಿಯರು ನಾಚಿಕೆಯವರು, ಅಮೆರಿಕದವರು ಬಿಚ್ಚುಮಾತಿನವರು. ನನಗೆ ಈ ಉತ್ತರ ಸೋಮಾರಿತನದ್ದು ಅನಿಸುತ್ತದೆ. ಇಡೀ ದೇಶದ ಗುಣ ಹೇಳಿ ಕೈತೊಳೆದುಕೊಳ್ಳುವ ಮಾತು ಅದು. ಆಟಗಳನ್ನೇ ಹತ್ತಿರದಿಂದ ನೋಡಿದರೆ ಕಾಣುವುದು ಬೇರೆ. ಪರದೆಯ ಮೇಲೆ ‘ನಾನು’ ಅನ್ನುವವರು ಯಾರು? ಆ ‘ನಾನು’ ಮೊದಲೇ ಬರೆದಿಟ್ಟ ಪಾತ್ರವೋ, ಆಡುವವರು ಬಂದು ತುಂಬಬೇಕಾದ ಖಾಲಿ ಜಾಗವೋ? ಉಳಿದ ವ್ಯತ್ಯಾಸಗಳಲ್ಲಿ ಹೆಚ್ಚಿನವು ಇದರ ಹಿಂದೆಯೇ ಬರುತ್ತವೆ.

ಮರದ ಕೆಳಗೆ ಕಾಯುವುದು

ತೊಕಿಮೆಕಿಯ ಆ ಮರಕ್ಕೆ ಒಂದು ಐತಿಹ್ಯವಿದೆ. ಶಾಲೆ ಬಿಡುವ ದಿನ ಅದರ ಕೆಳಗೆ ಹುಡುಗಿಯೇ ಬಾಯಿಬಿಟ್ಟು ಹೇಳಿ ಕೂಡಿದ ಜೋಡಿ ಎಂದೆಂದಿಗೂ ಸುಖವಾಗಿರುತ್ತದಂತೆ. ಹುಡುಗಿಯೇ ಹೇಳಬೇಕು ಅನ್ನುವುದು ಇಲ್ಲಿ ಮುಖ್ಯ. ಆಡುವವರ ಕೆಲಸ ಕೇಳುವುದಲ್ಲ, ಕೇಳಿಸಿಕೊಳ್ಳಲು ಯೋಗ್ಯರಾಗುವುದು. ಅದಕ್ಕೇ ವಾರ ವಾರ ವಿಜ್ಞಾನವೋ ಕಲೆಯೋ ಕ್ರೀಡೆಯೋ ಅಂತ ಆರಿಸಿ ಅಂಕ ಬೆಳೆಸಬೇಕು. ಕಥೆಯ ನಾಯಕಿ ಶಿಯೋರಿ ಫುಜಿಸಾಕಿ ನಿಮ್ಮ ಬಾಲ್ಯದ ಗೆಳತಿ, ಪಕ್ಕದ ಮನೆಯವಳು. ಹಾಗಂತ ಸಲುಗೆ ಏನೂ ಇಲ್ಲ. ಶುರುವಿನಲ್ಲಿ ಜೊತೆಗೆ ಮನೆಗೆ ಹೋಗೋಣ ಅಂದರೂ, ಗೆಳತಿಯರು ಏನಾದರೂ ಅಂದುಕೊಂಡರೆ ನಾಚಿಕೆ ಅಂತ ಹೇಳಿ ಒಬ್ಬಳೇ ಹೋಗಿಬಿಡುತ್ತಾಳೆ. ಜಪಾನಿನ ಒಂದು ತಲೆಮಾರಿನ ಹುಡುಗರಿಗೆ ಈ ಮಾತು ಬಾಯಿಪಾಠ. ಪಿಯು ಕಾಲೇಜಿನ ಗೇಟಿನಿಂದ ಬಸ್‌ಸ್ಟಾಪಿನವರೆಗೆ ನಡೆದುಹೋದ ಯಾರಿಗಾದರೂ ಇದು ಅರ್ಥವಾಗುತ್ತದೆ, ಅಲ್ವಾ?

ಇನ್ನೊಂದು ಏರ್ಪಾಡು ಬಾಂಬಿನದು. ಒಬ್ಬಳ ಪರಿಚಯ ಮಾಡಿಕೊಂಡು ಆಮೇಲೆ ತಿರುಗಿಯೂ ನೋಡದಿದ್ದರೆ ಅವಳ ಹೆಸರಿನ ಪಕ್ಕ ಬಾಂಬಿನ ಗುರುತು ಬೀಳುತ್ತದೆ. ಅದು ಸಿಡಿದರೆ ನಿಮ್ಮ ಬಗ್ಗೆ ಸುದ್ದಿ ಹಬ್ಬಿ ಉಳಿದವರ ಮನಸ್ಸೂ ಮುರಿಯುತ್ತದೆ. ಇಬ್ಬರ ನಡುವಿನ ಪ್ರೀತಿಯನ್ನು ಊರು ನೋಡುತ್ತಿರುತ್ತದೆ ಅನ್ನುವುದನ್ನು ಇದಕ್ಕಿಂತ ಸರಳವಾಗಿ ಯಾವ ಆಟವೂ ಹೇಳಿದ್ದು ನನಗೆ ಗೊತ್ತಿಲ್ಲ.

ಇದಕ್ಕೂ ಎರಡು ವರ್ಷ ಮೊದಲು, 1992ರಲ್ಲಿ, ಎಲ್ಫ್ ಕಂಪನಿಯ ‘ದೋಕ್ಯೂಸೆಇ’ ಬಂದಿತ್ತು. ಎನ್‌ಇಸಿಯ ಪಿಸಿ-98 ಕಂಪ್ಯೂಟರಿಗೆ, ದೊಡ್ಡವರಿಗೆ ಅಂತ ಮಾಡಿದ ಆಟ. ಬೇಸಿಗೆ ರಜೆಯ ಕೊನೆಯ ದಿನಗಳು, ಒಂದು ಊರು, ಓಡುವ ಗಡಿಯಾರ. ನೀವು ಊರು ಸುತ್ತುತ್ತೀರಿ. ಸರಿಯಾದ ಹೊತ್ತಿಗೆ ಸರಿಯಾದ ಜಾಗದಲ್ಲಿದ್ದರೆ ಮಾತ್ರ ಅವಳು ಸಿಗುತ್ತಾಳೆ. ಈ ಗುಣ ಮುಂದೆ ಬಂದ ಎಷ್ಟೋ ಆಟಗಳಿಗೆ ಬಳುವಳಿಯಾಗಿ ಹೋಯಿತು. ‘ವಿಷುಯಲ್ ನಾವೆಲ್’ ಅನ್ನುವ ಹೆಸರನ್ನು ಬಳಕೆಗೆ ತಂದದ್ದು ಲೀಫ್ ಕಂಪನಿ. ಅದರ 1997ರ ‘ಟು ಹಾರ್ಟ್’ ಆಗಲಿ, ಸರ್ಕಸ್ ಕಂಪನಿಯ 2002ರ ‘ದ ಕಾಪೊ’ ಆಗಲಿ, ನಿಮ್ಮನ್ನು ಕೇಳುವ ದೊಡ್ಡ ಪ್ರಶ್ನೆ ಒಂದೇ. ಈಗ ಎಲ್ಲಿಗೆ ಹೋಗ್ತೀಯಾ? ಮಾಳಿಗೆಗಾ, ಅಂಗಳಕ್ಕಾ, ಲೈಬ್ರರಿಗಾ?

ಅಲ್ಲಿಗೆ ಹೋದ ಮೇಲೆ ಏನು ಮಾತಾಡಬೇಕು ಅನ್ನುವುದು ಹೆಚ್ಚಾಗಿ ನಿಮ್ಮ ಕೈಯಲ್ಲಿಲ್ಲ. ಅದನ್ನು ಬರೆದವರು ಬರೆದಾಗಿದೆ. ಕೀ ಕಂಪನಿಯ ಆಟಗಳಲ್ಲಿ ಇದು ಎದ್ದು ಕಾಣುತ್ತದೆ. 1999ರ ‘ಕಾನನ್’ನ ಯೂಇಚಿ ಹುಡುಗಿಯರನ್ನು ರೇಗಿಸುವವನು. 2004ರ ‘ಕ್ಲಾನಾಡ್’ನ ತೊಮೊಯಾ ಅಪ್ಪನ ಜೊತೆ ಮುನಿಸಿಕೊಂಡ, ತರಗತಿಗೆ ತಡವಾಗಿ ಬರುವ ಹುಡುಗ. ನೀವು ಅವನಾಗಲು ಆಗುವುದಿಲ್ಲ, ಅವನ ಪಕ್ಕದಲ್ಲಿ ಕೂತಿರುತ್ತೀರಿ. ಹುಡುಗಿಯರ ಮಾತಿಗೆ ದನಿ ಇರುತ್ತದೆ. ನಾಯಕನಿಗೆ ಹೆಚ್ಚಾಗಿ ದನಿ ಇಲ್ಲ, ಆದರೆ ಅವನ ಯೋಚನೆ ಪುಟಗಟ್ಟಲೆ.

ಕ್ಲಾನಾಡ್ ಬಗ್ಗೆ ಇನ್ನೆರಡು ಮಾತು ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಶಾಲೆ ಮುಗಿದ ಮೇಲೂ ಅದರ ಕಥೆ ನಡೆಯುತ್ತದೆ. ತೊಮೊಯಾ ಕರೆಂಟಿನ ಕೆಲಸಕ್ಕೆ ಸೇರುತ್ತಾನೆ, ನಾಗಿಸಾಳನ್ನು ಮದುವೆಯಾಗುತ್ತಾನೆ, ಮಗು ಹುಟ್ಟುತ್ತದೆ. ಆ ಕಥೆಯನ್ನು ಅದರ ನಿಜವಾದ ಕೊನೆಗೆ ಮುಟ್ಟಿಸಬೇಕಾದರೆ ಉಳಿದ ಪಾತ್ರಗಳ ದಾರಿಗಳನ್ನೂ ಒಂದೊಂದಾಗಿ ನಡೆದು, ಅಲ್ಲಿ ಸಿಗುವ ಬೆಳಕಿನ ಉಂಡೆಗಳನ್ನು ಕೂಡಿಸಬೇಕು. ಒಬ್ಬಳನ್ನು ಆರಿಸಿದೆ, ಉಳಿದವರ ಪಾಡು ಅವರಿಗೆ ಅಂತ ಇಲ್ಲಿ ನಡೆಯುವುದಿಲ್ಲ. ಟೈಪ್-ಮೂನ್‌ನ ‘ಫೇಟ್/ಸ್ಟೇ ನೈಟ್’ ಕೂಡ 2004ರದೇ. ಅದರ ಮೂರು ದಾರಿಗಳು ಒಂದಾದ ಮೇಲೆ ಒಂದು ಗೊತ್ತುಮಾಡಿದ ಸರದಿಯಲ್ಲೇ ತೆರೆಯುತ್ತವೆ. ಅಂದರೆ ಕವಲು ಇರುವುದು ನಿಮ್ಮ ಇಷ್ಟಕ್ಕಲ್ಲ, ಇಡೀ ಕಾದಂಬರಿ ಓದಿಸುವುದಕ್ಕೆ.

ಇದರ ಹಿಂದೆ ದುಡ್ಡಿನ ಲೆಕ್ಕವೂ ಇದೆ. ಪೆಟ್ಟಿಗೆಯಲ್ಲಿ ಮಾರುತ್ತಿದ್ದ ಈ ಪಿಸಿ ಆಟಗಳಿಗೆ ಎಂಟು ಒಂಬತ್ತು ಸಾವಿರ ಯೆನ್ ಬೆಲೆ. ಅಷ್ಟು ಕೊಟ್ಟವರು ಮೂವತ್ತು ನಲವತ್ತು ಗಂಟೆ ಓದಲು ಸಿಗಲಿ ಅಂತ ಬಯಸುತ್ತಾರೆ. ಅಷ್ಟು ಬರೆಯಬೇಕಾದರೆ ‘ನಾನು’ ಖಾಲಿ ಇದ್ದರೆ ಆಗುವುದಿಲ್ಲ. ಮೂವತ್ತು ಗಂಟೆ ತಲೆಯೊಳಗೆ ಮಾತಾಡಲು ಅವನಿಗೊಂದು ಸ್ವಭಾವ ಬೇಕೇ ಬೇಕು.

ಖಾಲಿ ಅಂಗಿ

ಪಶ್ಚಿಮದ ಪ್ರೀತಿಯ ಆಟಕ್ಕೆ ಇಬ್ಬರು ಹಿರಿಯರು. ಒಂದು, ಪಾತ್ರವನ್ನು ನಾವೇ ಕಟ್ಟಿಕೊಳ್ಳುವ ಆರ್‌ಪಿಜಿ ಆಟಗಳು. ಕೆನಡಾದ ಬಯೋವೇರ್ 2000ದಲ್ಲಿ ‘ಬಾಲ್ಡರ್ಸ್ ಗೇಟ್ 2’ರಲ್ಲಿ ಜೊತೆಗಾರರ ಜೊತೆ ಪ್ರೀತಿಗೆ ಜಾಗ ಮಾಡಿತು. 2007ರ ‘ಮಾಸ್ ಎಫೆಕ್ಟ್’ ಹೊತ್ತಿಗೆ ಮಾತಿನ ಆಯ್ಕೆಗಳನ್ನು ಒಂದು ಚಕ್ರದಲ್ಲಿ ಜೋಡಿಸಿ ಕೊಟ್ಟಿತ್ತು. ಇಲ್ಲಿ ಎಲ್ಲಿಗೆ ಹೋಗಬೇಕು ಅನ್ನುವುದು ದೊಡ್ಡ ಪ್ರಶ್ನೆಯಲ್ಲ. ಏನು ಹೇಳ್ತೀಯಾ, ಯಾವ ದನಿಯಲ್ಲಿ ಹೇಳ್ತೀಯಾ ಅನ್ನುವುದೇ ಪ್ರಶ್ನೆ.

ಇನ್ನೊಬ್ಬ ಹಿರಿಯ ಜಪಾನೇ. 2004ರಲ್ಲಿ ಟಾಮ್ ರಾಥಮೆಲ್ ಎಂಬ ಅಮೆರಿಕದ ಪ್ರೋಗ್ರಾಮರ್ ವಿಷುಯಲ್ ನಾವೆಲ್ ಕಟ್ಟುವ ‘ರೆನ್‌ಪೈ’ ಎಂಬ ಸಾಧನವನ್ನು ಪುಕ್ಕಟೆಯಾಗಿ ಹಂಚಿದರು. ಹೆಸರಿನಲ್ಲೇ ಎರಡೂ ಊರಿನ ನೀರು ಸೇರಿದೆ. ಪ್ರೀತಿಗೆ ಜಪಾನಿ ಭಾಷೆಯಲ್ಲಿ ‘ರೆನ್‌ಆಯ್’, ಜೊತೆಗೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ. ಅಭಿಮಾನಿಗಳು ರಾತ್ರಿಯೆಲ್ಲ ಕೂತು ಅನುವಾದ ಮಾಡಿದ ಜಪಾನಿ ಆಟಗಳನ್ನು ಓದಿದ ಹುಡುಗ ಹುಡುಗಿಯರು, ಇದನ್ನು ಹಿಡಿದು ತಮ್ಮ ಕಥೆ ಬರೆಯತೊಡಗಿದರು. ಕಂಪನಿ ಇಲ್ಲ, ಪೆಟ್ಟಿಗೆ ಇಲ್ಲ, ಬೆಲೆಯೂ ಹೆಚ್ಚಾಗಿ ಇಲ್ಲ. ಹಾಗಾಗಿ ಆಟಗಳು ಚಿಕ್ಕವಾದವು. ಬರೆಯುವವರು ತಮ್ಮ ಬಗ್ಗೆಯೇ ಬರೆದರು. ದೊಡ್ಡ ಕಂಪನಿಗಳ ಆಟಗಳಲ್ಲಿ ಜಾಗವಿಲ್ಲದಿದ್ದ ಬಗೆಬಗೆಯ ಪ್ರೀತಿ ಇಲ್ಲಿ ಸಲೀಸಾಗಿ ಬಂತು. ಕೆನಡಾದ ಕ್ರಿಸ್ಟೀನ್ ಲವ್ ಅವರ 2010ರ ‘ಡಿಜಿಟಲ್: ಎ ಲವ್ ಸ್ಟೋರಿ’ಯಲ್ಲಂತೂ ನಾಯಕಿಯ ಮುಖವೂ ಇಲ್ಲ, ಹಳೇ ಕಂಪ್ಯೂಟರಿನ ನೀಲಿ ಪರದೆಯ ಮೇಲೆ ಬರೀ ಸಂದೇಶಗಳು.

ಈ ಸಾಲಿನಲ್ಲಿ ನನಗೆ ಹೆಚ್ಚು ಹೇಳಿಕೊಡುವ ಆಟ 2017ರ ‘ಡ್ರೀಮ್ ಡ್ಯಾಡಿ’. ನೀವೊಬ್ಬ ಅಪ್ಪ. ಹೊಸ ಬೀದಿಗೆ ಮನೆ ಬದಲಿಸಿದ್ದೀರಿ. ಸುತ್ತ ಏಳು ಜನ ಅಪ್ಪಂದಿರು, ಅವರಲ್ಲಿ ಯಾರ ಜೊತೆ ಸ್ನೇಹ, ಯಾರ ಜೊತೆ ಪ್ರೀತಿ ಅನ್ನುವುದು ಆಟ. ಮೊದಲು ನಿಮ್ಮ ಮೈಕಟ್ಟು, ಕೂದಲು, ಬಟ್ಟೆ ಎಲ್ಲ ನೀವೇ ಆರಿಸಬೇಕು. ತೀರಿಹೋದ ನಿಮ್ಮ ಸಂಗಾತಿ ಅಲೆಕ್ಸ್ ಗಂಡೋ ಹೆಣ್ಣೋ ಅನ್ನುವುದನ್ನೂ, ಮಗಳು ಅಮಾಂಡಾ ಹೆತ್ತ ಮಗಳೋ ದತ್ತು ತಂದವಳೋ ಅನ್ನುವುದನ್ನೂ ಆಟ ನಿಮ್ಮನ್ನೇ ಕೇಳುತ್ತದೆ. ಅಂದರೆ ನಿಮ್ಮ ಹಿಂದಿನ ಬದುಕೂ ಒಂದು ಆಯ್ಕೆ. ಜಪಾನಿನ ಆಟ ಕಥೆಗಾರ ಹೊಲಿದ ಅಂಗಿ ಕೊಟ್ಟು ಹಾಕಿಕೋ ಅನ್ನುತ್ತದೆ. ಇದು ಬಟ್ಟೆ ಕೊಟ್ಟು ಅಳತೆ ನಿನ್ನದೇ ಅನ್ನುತ್ತದೆ.

ಇದರಿಂದ ಬರುವ ಲಾಭ ದೊಡ್ಡದು. ಇಲ್ಲಿಯವರೆಗೆ ಯಾವ ಪ್ರೇಮಕಥೆಯಲ್ಲೂ ತಮ್ಮನ್ನು ಕಾಣದವರು ಇಲ್ಲಿ ಕಂಡುಕೊಳ್ಳಬಹುದು. ನಷ್ಟವೂ ಇದೆ. ಯಾರು ಬೇಕಾದರೂ ಆಗಬಹುದಾದ ‘ನಾನು’ ಎದುರಿಗಿರುವವರ ಮನಸ್ಸಿಗೆ ನಾಟುವಂಥ ಮಾತು ಆಡುವುದು ಕಷ್ಟ. ಡ್ರೀಮ್ ಡ್ಯಾಡಿಯಲ್ಲಿ ನನ್ನ ಕಣ್ಣು ತೇವ ಮಾಡಿದ್ದು ಏಳು ಅಪ್ಪಂದಿರಲ್ಲಿ ಯಾರೂ ಅಲ್ಲ, ಕಾಲೇಜಿಗೆ ಮನೆ ಬಿಟ್ಟು ಹೊರಡುವ ಅಮಾಂಡಾ. ಕಾರಣ ಸುಲಭ. ಆ ಸಂಬಂಧಕ್ಕೆ ಒಂದು ಹಳಮೆ ಇದೆ, ಅದನ್ನು ಬರೆದವರು ಗಟ್ಟಿಯಾಗಿ ಬರೆದಿದ್ದಾರೆ.

ಪಶ್ಚಿಮದ ಆಟಗಳು ಇನ್ನೊಂದು ವಿಷಯದಲ್ಲಿ ಮುಂದೆ ಹೋಗಿವೆ. ಆಡುವವರನ್ನು ಮೊದಲೇ ಕೇಳುವುದು, ಎಚ್ಚರಿಸುವುದು. ಮಾಂಟ್ರಿಯಲ್‌ನ ಕಿಟ್‌ಫಾಕ್ಸ್ ತಂಡದ ‘ಬಾಯ್‌ಫ್ರೆಂಡ್ ಡಂಜನ್’ 2021ರಲ್ಲಿ ಬಂತು. ಅದರ ಶುರುವಿನಲ್ಲೇ, ಅಮ್ಮನಿಂದ ಪ್ರೀತಿಯ ಮೆಸೇಜುಗಳು ಬರುತ್ತವೆ, ನಿಮಗೆ ಬೇಕಾ ಬೇಡ್ವಾ ಅಂತ ಕೇಳುತ್ತಾರೆ. ಅಮ್ಮನ ಮೆಸೇಜ್ ಆಫ್ ಮಾಡುವ ಬಟನ್! ನಮ್ಮ ಮನೆಗಳಲ್ಲಿ ಇದು ಸಿಕ್ಕರೆ ಏನೇನು ಆಗಬಹುದು ಅಂತ ನೆನೆದು ನಕ್ಕಿದ್ದೇನೆ. ಆದರೆ ಅಮ್ಮನ ನೆನಪೇ ನೋವಾಗಿರುವವರಿಗೆ ಅದು ಚಿಕ್ಕ ವಿಷಯವಲ್ಲ. ತಮಾಷೆ ಅಂದರೆ, ಇಷ್ಟು ಜೋಪಾನ ಮಾಡಿದ ಅದೇ ಆಟದಲ್ಲಿ ಬೆನ್ನುಹತ್ತಿ ಕಾಡುವ ಪಾತ್ರದ ಬಗ್ಗೆ ಕೊಟ್ಟ ಎಚ್ಚರಿಕೆ ಸಾಲದು ಅಂತ ಗಲಾಟೆಯಾಗಿ, ತಂಡ ಆ ಮಾತುಗಳನ್ನು ತಿದ್ದಿ ಬರೆಯಬೇಕಾಯಿತು.

ಗಡಿ ದಾಟಿದ ಎರಡು ಆಟ

‘ಕತಾವಾ ಶೋಜೊ’ 2012ರ ಜನವರಿಯಲ್ಲಿ ಪುಕ್ಕಟೆಯಾಗಿ ಬಂತು. ಕಥೆ ನಡೆಯುವುದು ಜಪಾನಿನ ಒಂದು ವಿಶೇಷ ಶಾಲೆಯಲ್ಲಿ. ಮಾಡಿದವರು ಅಂತರ್ಜಾಲದಲ್ಲಿ ಒಂದುಗೂಡಿದ ಹವ್ಯಾಸಿಗಳು, ಬರೆದದ್ದು ಇಂಗ್ಲಿಷಿನಲ್ಲಿ, ಬಳಸಿದ್ದು ರೆನ್‌ಪೈ. ನಾಯಕ ಹಿಸಾವೊನಿಗೆ ಒಂದು ಸ್ವಭಾವ ಇದೆ, ಜಪಾನಿ ಪದ್ಧತಿಯ ‘ನಾನು’ ಅವನು. ಆದರೆ ಕಥೆ ಶುರುವಾಗುವ ಬಗೆ ನೋಡಿ. ಹಿಮ ಬಿದ್ದ ಮರಗಳ ನಡುವೆ ಒಬ್ಬಳು ಹುಡುಗಿ ಬಂದು ಮನಸ್ಸಿನ ಮಾತು ಹೇಳುತ್ತಾಳೆ. ಬೇರೆ ಆಟಗಳು ಮುಗಿಯುವ ಜಾಗ ಅದು. ಅಲ್ಲೇ ಅವನ ಎದೆ ಹಿಡಿದುಕೊಳ್ಳುತ್ತದೆ, ಬಿದ್ದುಬಿಡುತ್ತಾನೆ. ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಮಲಗುತ್ತಾನೆ, ಆ ಹುಡುಗಿ ಬರುವುದು ಕಡಿಮೆಯಾಗಿ ನಿಂತುಹೋಗುತ್ತದೆ. ಹೇಳಿದ ಮಾತು ಎಲ್ಲವನ್ನೂ ಸರಿಮಾಡುವುದಿಲ್ಲ ಅನ್ನುವುದರಿಂದಲೇ ಕಥೆ ಹೊರಡುತ್ತದೆ.

ಅದರಲ್ಲಿ ಹನಾಕೊ ಅನ್ನುವ ಹುಡುಗಿಯ ದಾರಿ ಇದೆ. ಬೆಂಕಿಯಲ್ಲಿ ಸುಟ್ಟ ಗಾಯದ ಗುರುತಿರುವವಳು, ಜನರನ್ನು ಕಂಡರೆ ಅಡಗುವವಳು. ಜಪಾನಿ ಆಟಗಳನ್ನು ಆಡಿ ಪಳಗಿದವರು ಸಹಜವಾಗಿ ಅವಳನ್ನು ಕಾಪಾಡಲು ಹೋಗುತ್ತಾರೆ. ಅಲ್ಲೇ ಸೋಲು. ಕೈಲಾಗದವಳ ಹಾಗೆ ನೋಡಿಕೊಂಡಿದ್ದಕ್ಕೆ ಅವಳು ಸಿಟ್ಟಿನಿಂದ ಸಿಡಿದು ಹಿಸಾವೊನನ್ನು ಹೊರಗೆ ಅಟ್ಟುತ್ತಾಳೆ. ಆಟ ಬೈಯುವುದು ಹಿಸಾವೊನನ್ನಲ್ಲ, ಗುಂಡಿ ಒತ್ತಿದ ನಮ್ಮನ್ನು.

ಎರಡನೆಯದು 2017ರ ‘ಡೋಕಿ ಡೋಕಿ ಲಿಟರೇಚರ್ ಕ್ಲಬ್’. ಡ್ಯಾನ್ ಸಾಲ್ವಾಟೊ ಅವರ ಅಮೆರಿಕದ ತಂಡದ್ದು, ಇದೂ ಪುಕ್ಕಟೆ, ಇದೂ ರೆನ್‌ಪೈ. ಆಡದವರು ಈ ಪ್ಯಾರಾ ಬಿಟ್ಟು ಮುಂದೆ ಓದಿ, ಗುಟ್ಟು ಹೇಳಲೇಬೇಕಾಗಿದೆ. ಶುರುವಿನಲ್ಲಿ ಎಲ್ಲ ಮಾಮೂಲು. ಸಾಹಿತ್ಯ ಸಂಘ, ನಾಲ್ಕು ಹುಡುಗಿಯರು. ಇಪ್ಪತ್ತು ಪದ ಆರಿಸಿ ಕವಿತೆ ಬರೆದರೆ, ಆ ಪದಗಳು ಯಾರಿಗೆ ಇಷ್ಟವೋ ಅವರು ಹತ್ತಿರ ಬರುತ್ತಾರೆ. ಸಂಘದ ಅಧ್ಯಕ್ಷೆ ಮೋನಿಕಾಗೆ ಮಾತ್ರ ಒಂದು ದಾರಿ ಇಲ್ಲ. ತಾನು ಆಟದೊಳಗಿನ ಪಾತ್ರ ಅಂತ ಅವಳಿಗೆ ಗೊತ್ತಿದೆ. ಅವಳು ಮಾತಾಡುವುದು ಕಥೆಯ ನಾಯಕನ ಜೊತೆಗಲ್ಲ, ಅವನನ್ನು ದಾಟಿ ಪರದೆಯ ಈಚೆ ಕೂತ ನಿಮ್ಮ ಜೊತೆ. ಕೊನೆಗೆ ಆಟದ ಫೋಲ್ಡರಿಗೆ ಹೋಗಿ ಅವಳ ಹೆಸರಿನ ಫೈಲನ್ನು ನೀವೇ ಕೈಯಾರೆ ಅಳಿಸಬೇಕು.

ಬರೆದಿಟ್ಟ ‘ನಾನು’ ಮತ್ತು ಕೂತು ಆಡುವ ‘ನಾನು’, ಇವೆರಡರ ನಡುವಿನ ಬಿರುಕಿಗೇ ಈ ಆಟ ಕೈ ಹಾಕುತ್ತದೆ. ಇದನ್ನು ಪಶ್ಚಿಮದವರು ಜಪಾನಿಗೆ ಕಲಿಸಿದ ಪಾಠ ಅಂತ ಹೇಳುವವರಿದ್ದಾರೆ. ಅದು ತಪ್ಪು. ನಾಲ್ಕು ವರ್ಷ ಮೊದಲೇ, 2013ರಲ್ಲಿ, ಜಪಾನಿನ ನೈಟ್ರೋಪ್ಲಸ್ ಕಂಪನಿ ‘ಕಿಮಿ ತೊ ಕಾನೊಜೊ ತೊ ಕಾನೊಜೊ ನೊ ಕೊಯ್’ ಆಟದಲ್ಲಿ ಇದೇ ಬಿರುಕನ್ನು ಕೆದಕಿತ್ತು. ಒಬ್ಬಳಿಗೆ ಮಾತು ಕೊಟ್ಟು, ಆಮೇಲೆ ಹಿಂದೆ ಸೇವ್ ಮಾಡಿಟ್ಟ ಹಂತಕ್ಕೆ ಮರಳಿ ಇನ್ನೊಬ್ಬಳ ಹಿಂದೆ ಹೋಗುವ ಆಟಗಾರನಿಗೆ ಆ ಮೊದಲನೆಯವಳು ಏನನ್ನಬೇಕು? ಅದೇ ಆ ಆಟದ ಹೂರಣ. ಇಂಗ್ಲಿಷಿಗೆ ತಡವಾಗಿ ಬಂದದ್ದರಿಂದ ಹೊರಗಿನವರಿಗೆ ಕಾಣಲಿಲ್ಲ ಅಷ್ಟೆ.

ಪಾರಿವಾಳದ ಜೊತೆ ಪ್ರೀತಿ ಮಾಡುವ ‘ಹಾಟೊಫುಲ್ ಬಾಯ್‌ಫ್ರೆಂಡ್’ ವಿಷಯದಲ್ಲೂ ಹೀಗೇ ಆಯಿತು. 2014ರಲ್ಲಿ ಅದು ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಗೆ ಬಂದಾಗ, ನೋಡಿ ಜಪಾನಿಯರು ಎಷ್ಟು ವಿಚಿತ್ರ ಅಂತ ನಕ್ಕರು. ಅದು ಜಪಾನಿಯರೇ ತಮ್ಮ ಆಟಗಳನ್ನು ಅಣಕಿಸಿದ್ದು ಅನ್ನುವುದು ಎಷ್ಟೋ ಜನಕ್ಕೆ ಹೊಳೆಯಲೇ ಇಲ್ಲ. ಐದು ವರ್ಷ ಕಳೆಯುವಷ್ಟರಲ್ಲಿ ಕೆಎಫ್‌ಸಿಯೇ ತನ್ನ ಕರ್ನಲ್ ಸ್ಯಾಂಡರ್ಸ್ ಜೊತೆ ಪ್ರೀತಿ ಮಾಡುವ ಆಟ ಹೊರತಂದಿತು. ಯಾರು ವಿಚಿತ್ರ?

ಲೆಕ್ಕಕ್ಕೆ ಸಿಗದವು

ನನ್ನ ವಾದಕ್ಕೆ ಅಡ್ಡ ಬರುವ ಉದಾಹರಣೆಗಳನ್ನು ಮುಚ್ಚಿಡುವುದು ಸರಿಯಲ್ಲ. ತೊಕಿಮೆಕಿಯ ಹುಡುಗನೇ ಮೊದಲ ಅಡ್ಡಿ. ಅವನ ಹೆಸರು, ಹುಟ್ಟಿದ ದಿನ ನೀವೇ ಕೊಡಬೇಕು. ಮುಖವೂ ಕಾಣುವುದಿಲ್ಲ. 1999ರ ಎರಡನೇ ಭಾಗದಲ್ಲಂತೂ ನೀವು ಕೊಟ್ಟ ಹೆಸರನ್ನೇ ಹುಡುಗಿಯರು ದನಿಯಲ್ಲಿ ಕರೆಯುವ ಏರ್ಪಾಡು ಮಾಡಿದ್ದರು. ಕೊನಾಮಿಯದೇ 2009ರ ‘ಲವ್ ಪ್ಲಸ್’ ಇನ್ನೂ ದೂರ ಹೋಗುತ್ತದೆ. ಅಲ್ಲಿ ಒಪ್ಪಿಗೆ ಸಿಕ್ಕ ಮೇಲೆ ಆಟದ ಮುಖ್ಯ ಭಾಗ ಶುರು. ನಿಂಟೆಂಡೊ ಡಿಎಸ್‌ನ ಗಡಿಯಾರಕ್ಕೆ ಸರಿಯಾಗಿ ಅವಳ ದಿನವೂ ನಡೆಯುತ್ತದೆ, ಹೇಳಿದ ಹೊತ್ತಿಗೆ ಭೇಟಿಗೆ ಹೋಗಬೇಕು. ಮರುವರ್ಷ ಅತಾಮಿ ಎಂಬ ಊರು ಕೊನಾಮಿ ಜೊತೆ ಸೇರಿ, ಆಟ ಹಿಡಿದು ಪ್ರವಾಸಕ್ಕೆ ಬರುವವರನ್ನು ಸ್ವಾಗತಿಸಿತ್ತು. ಇಲ್ಲಿ ‘ನಾನು’ ಖಾಲಿಯೇ. ಆದರೆ ಗಮನಿಸಿ, ಖಾಲಿ ‘ನಾನು’ ಇರುವ ಈ ಆಟಗಳಲ್ಲಿ ಓದು ಕಡಿಮೆ, ದಿನಚರಿಯ ಲೆಕ್ಕ ಜಾಸ್ತಿ. ಅಂದರೆ ಗೆರೆ ಇರುವುದು ದೇಶಗಳ ನಡುವೆ ಮಾತ್ರ ಅಲ್ಲ, ಕಾದಂಬರಿಗೂ ಆಟಕ್ಕೂ ನಡುವೆ ಕೂಡ.

ಹುಡುಗಿಯರಿಗಾಗಿ ಮಾಡಿದ ಆಟಗಳನ್ನು ಬಿಟ್ಟು ಮಾತಾಡುವುದೂ ತಪ್ಪು. 1994ರಲ್ಲೇ ಕೋಎಇ ಕಂಪನಿಯಲ್ಲಿ ಹೆಂಗಸರ ತಂಡವೊಂದು ‘ಆಂಜೆಲಿಕ್’ ಮಾಡಿತು. ಒತೊಮೆ ಅನ್ನುವ ಪ್ರಕಾರವೇ ಅಲ್ಲಿಂದ ಶುರು. ನಾಯಕಿ ರಾಣಿಯಾಗುವ ಪೋಟಿಯಲ್ಲಿದ್ದಾಳೆ. ಸಿಂಹಾಸನ ಬೇಕಾ, ಒಬ್ಬನ ಪ್ರೀತಿ ಬೇಕಾ ಅಂತ ಆಟ ಕೇಳುತ್ತದೆ. ಜಪಾನಿನ ಪ್ರೀತಿಯ ಆಟ ಅಂದರೆ ಗಂಡಸರ ಕನಸು ಅಂತ ಒಂದೇ ಏಟಿಗೆ ತೀರ್ಪು ಕೊಡುವವರಿಗೆ ಈ ಮೂವತ್ತು ವರ್ಷದ ಚರಿತ್ರೆ ಗೊತ್ತಿರುವುದಿಲ್ಲ.

ಶಾಲೆಯ ವಿಷಯದಲ್ಲಿ ಮಾತ್ರ ನಾನು ಟೀಕಾಕಾರರ ಪಕ್ಕ. ಮಾರ್ಚ್‌ನಲ್ಲಿ ಶಾಲೆ ಮುಗಿಯುತ್ತದೆ ಅನ್ನುವ ಗಡುವು ಕಥೆಗೆ ಒಳ್ಳೇ ಗಡಿಯಾರ, ಒಪ್ಪಿದೆ. ಆದರೆ ಆ ಶಾಲೆಯ ಕಥೆಗೆ ದೊಡ್ಡವರ ದೃಶ್ಯ ಸೇರಿಸಿ, ಎಲ್ಲರಿಗೂ ಹದಿನೆಂಟು ದಾಟಿದೆ ಅಂತ ಮೊದಲ ಪರದೆಯಲ್ಲಿ ಬರೆದುಬಿಟ್ಟರೆ ಮುಗಿಯಿತೇ? ಆ ಸಾಲನ್ನು ಬರೆದವರೂ ನಂಬಿರಲಾರರು.

ಪ್ರೀತಿಯನ್ನು ಅಂಕ ಮಾಡಿಬಿಟ್ಟಿದ್ದಾರೆ ಅನ್ನುವ ದೂರು ಮಾತ್ರ ಇಬ್ಬರಿಗೂ ತಟ್ಟುತ್ತದೆ. ಬಯೋವೇರ್‌ನ 2009ರ ‘ಡ್ರ್ಯಾಗನ್ ಏಜ್: ಒರಿಜಿನ್ಸ್’ನಲ್ಲಿ ಉಡುಗೊರೆ ಕೊಟ್ಟ ಹಾಗೆಲ್ಲ ಜೊತೆಗಾರರ ಮೆಚ್ಚುಗೆ ಏರುತ್ತದೆ. ಮೊಬೈಲಿನ ‘ಚಾಯ್ಸಸ್’ ಆಟದಲ್ಲಿ ಒಳ್ಳೇ ಆಯ್ಕೆಗಳಿಗೆ ವಜ್ರ ಕೊಡಬೇಕು, ವಜ್ರಕ್ಕೆ ದುಡ್ಡು. ಮನಸ್ಸಿನಲ್ಲಿರುವುದನ್ನು ಹೇಳಲು ಟಾಪ್‌ಅಪ್ ಮಾಡಿಸಬೇಕಾದ ಸ್ಥಿತಿ. ಇದರ ಮುಂದೆ ತೊಕಿಮೆಕಿಯ ಬಾಂಬೇ ವಾಸಿ.

ಇನ್ನು ದುಡ್ಡಿನ ದಾರಿಯಲ್ಲಿ ಇಬ್ಬರೂ ಈಗ ಒಂದೇ ಗೇಟಿನ ಮುಂದೆ ನಿಂತಿದ್ದಾರೆ. 2024ರ ಏಪ್ರಿಲ್‌ನಲ್ಲಿ ಜಪಾನಿನ ಡಿಎಲ್‌ಸೈಟ್ ಅಂಗಡಿಯಲ್ಲಿ ವೀಸಾ, ಮಾಸ್ಟರ್‌ಕಾರ್ಡ್ ಪಾವತಿ ನಿಂತಿತು. 2025ರ ಜುಲೈನಲ್ಲಿ ಪಾವತಿ ಕಂಪನಿಗಳ ಒತ್ತಡಕ್ಕೆ ಸ್ಟೀಮ್ ಹಲವು ವಯಸ್ಕರ ಆಟಗಳನ್ನು ತೆಗೆಯಿತು. ಸಣ್ಣ ತಂಡಗಳ ತವರು ಇಚ್.ಐಒ ಅಂಥ ಪುಟಗಳನ್ನೆಲ್ಲ ಹುಡುಕಾಟದಿಂದಲೇ ಮರೆಮಾಡಿತು. ಕೆಟ್ಟ ಆಟಗಳ ಜೊತೆಗೆ, ಒಬ್ಬರೋ ಇಬ್ಬರೋ ಕೂತು ಬರೆದ ಒಳ್ಳೇ ಪ್ರೇಮಕಥೆಗಳೂ ರಾತ್ರಿ ಬೆಳಗಾಗುವುದರಲ್ಲಿ ಕಾಣೆಯಾದವು. ಯಾವ ಪ್ರೀತಿ ಅಂಗಡಿಯಲ್ಲಿರಬಹುದು ಅನ್ನುವುದನ್ನು ಕಾರ್ಡ್ ಕಂಪನಿ ಗೊತ್ತುಮಾಡುವುದು ನನಗೆ ಸರಿ ಕಾಣುವುದಿಲ್ಲ.

ಬಂದ್ರಾ, ಬಂದ್ಯಾ

ಕೊನೆಯದು ಭಾಷೆಯ ವಿಷಯ. ಕನ್ನಡದವರಿಗೆ ಇಲ್ಲಿ ಇಂಗ್ಲಿಷಿನವರಿಗಿಂತ ಚೆನ್ನಾಗಿ ಕಾಣುವ ಒಂದು ಸಂಗತಿ ಇದೆ.

ಕ್ಲಾನಾಡ್‌ನಲ್ಲಿ ನಾಗಿಸಾ ಮೊದಲೆಲ್ಲ ತೊಮೊಯಾನಿಗೆ ‘ಒಕಾಜಾಕಿ-ಸಾನ್’ ಅನ್ನುತ್ತಾಳೆ. ಮನೆತನದ ಹೆಸರು, ಜೊತೆಗೆ ಗೌರವ. ಇಬ್ಬರೂ ಜೋಡಿಯಾದ ಮೇಲೆ ‘ತೊಮೊಯಾ-ಕುನ್’. ಜಪಾನಿ ಆಟಗಳಲ್ಲಿ ಕರೆಯುವ ಹೆಸರು ಬದಲಾಗುವುದೇ ಒಂದು ಘಟನೆ. ಇಂಗ್ಲಿಷಿಗೆ ತರುವವರು ಆ ಸಾನ್, ಕುನ್‌ಗಳನ್ನು ಹಾಗೇ ಇಡಬೇಕು, ಇಲ್ಲಾ ಕೈಬಿಡಬೇಕು. ಅವರಿಗಿರುವುದು ಒಂದೇ ‘ಯೂ’. ನಮಗೆ ನೀವು ಇದೆ, ನೀನು ಇದೆ. ಬಹುವಚನದಿಂದ ಏಕವಚನಕ್ಕೆ ಇಳಿದ ಆ ಕ್ಷಣ ಪ್ರೀತಿ ಮಾಡಿದ ಪ್ರತಿಯೊಬ್ಬ ಕನ್ನಡಿಗರಿಗೂ ನೆನಪಿರುತ್ತದೆ.

ಪಶ್ಚಿಮದ ಆಟಕ್ಕೂ ಕನ್ನಡ ಒಗ್ಗುತ್ತದೆ. ‘ನಾನು’ ಯಾರು ಬೇಕಾದರೂ ಆಗಬಹುದಾದರೆ ಕ್ರಿಯಾಪದ ಅದಕ್ಕೆ ಅಡ್ಡ ಬರಬಾರದು. ಹಿಂದಿಯಲ್ಲಿ ಬಂದವರು ಗಂಡಾದರೆ ‘ಆಯಾ’, ಹೆಣ್ಣಾದರೆ ‘ಆಯೀ’. ಕನ್ನಡದಲ್ಲಿ ಯಾರು ಬಂದರೂ ‘ನಾನು ಬಂದೆ’. ಎದುರಿಗಿದ್ದವರಿಗೂ ‘ನೀನು ಬಂದೆ’. ಮೂರನೆಯವರ ಬಗ್ಗೆ ಮಾತಾಡುವಾಗ ಮಾತ್ರ ಬಂದ, ಬಂದಳು ಅಂತ ಒಡೆಯುತ್ತದೆ, ಅಲ್ಲಿಗೂ ‘ಬಂದರು’ ಇದೆ. ಇಷ್ಟೆಲ್ಲ ಇದ್ದರೂ ಕನ್ನಡದಲ್ಲಿ ಇಂಥ ಆಟ ಕಾಣಸಿಗುವುದು ಅಪರೂಪ. ಒಂದು ಕಾರಣ ತೀರಾ ಸಣ್ಣದು. ರೆನ್‌ಪೈಯಲ್ಲಿ ನಮ್ಮ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತಿದ್ದವು. 2023ರ 8.1ನೇ ಆವೃತ್ತಿಯಿಂದ ಅಕ್ಷರ ಜೋಡಿಸುವ ಬಗೆ ಬದಲಾಗಿ ಆ ತೊಂದರೆ ನೀಗಿದೆ.

ಆಮೇಲೆ ನಾನೂ ಸುಮ್ನೆ ಒಂದು ದೃಶ್ಯ ಬರೆದು ನೋಡಿದೆ. ಬಸ್‌ಸ್ಟ್ಯಾಂಡು, ಇಬ್ಬರು, ದಿನಾ ಒಂದೇ ಬಸ್ಸು. ಇಪ್ಪತ್ತು ಪರದೆಗಳವರೆಗೆ ಅವಳು ‘ಬಂದ್ರಾ?’ ಅಂತಲೇ ಕೇಳುತ್ತಾಳೆ. ಇಪ್ಪತ್ತೊಂದರಲ್ಲಿ ಕಂಡಕ್ಟರ್ ಕೂಗುವ ಗಡಿಬಿಡಿಯಲ್ಲಿ ‘ಬಂದ್ಯಾ?’ ಅಂದುಬಿಡುತ್ತಾಳೆ. ಅಲ್ಲಿ ಒಂದು ಆಯ್ಕೆ ಇಟ್ಟಿದ್ದೆ, ‘ನೀವು ಅಂತಲೇ ಮಾತಾಡು’, ‘ನೀನು ಅನ್ನು’. ಎರಡು ದಿನ ಬಿಟ್ಟು ಓದಿದಾಗ ಆ ಬಟನ್ ತೆಗೆದುಹಾಕಿದೆ. ಅವಳು ಹಾಗಂದ ಮೇಲೆ ಅವನು ಬಸ್ಸಿನಲ್ಲಿ ಎಲ್ಲಿ ಕೂರುತ್ತಾನೆ, ಕಿಟಕಿ ಪಕ್ಕವೋ ಬಾಗಿಲ ಹತ್ತಿರವೋ, ಅಷ್ಟು ಮಾತ್ರ ಆಡುವವರಿಗೆ ಬಿಟ್ಟಿದ್ದೇನೆ.